ಚೀಟಿಯ ಮೂರಕ್ಷರ

ಜಿಲ್ಲೆ ತಾಲ್ಲೂಕುಗಳಿಂದ ಬಂದಿರುವ ವೈದ್ಯಮಿತ್ರರೇ,

ನಾನು ಹೇಳಬೇಕೆಂದಿರುವುದು ನಮ್ಮ ಚೀಟಿಗಳಲ್ಲಿ ದಿನವೂ ಕಾಣುವ ಮೂರಕ್ಷರದ ವಿಷಯ: ಸಿ.ಎಸ್.ಟಿ. ಎಂದರೆ, ಅದೇ ಔಷಧ ಮುಂದುವರಿಸಿ.

ವರ್ಷಗಳ ಹಿಂದೆ ನನ್ನಲ್ಲಿಗೆ ಬರುತ್ತಿದ್ದ ತಾಯಿಯೊಬ್ಬರು ಪಾರ್ಶ್ವವಾಯು ಬಡಿದು ದಾಖಲಾದರು. ಮಗ ಪ್ಲಾಸ್ಟಿಕ್ ಕವರ್ ಬಿಚ್ಚಿ ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲಿಟ್ಟ. ಹನ್ನೊಂದು ಚೀಟಿ. ಬಿ.ಪಿ. 160/100, 156/98, 164/100. ಪ್ರತಿಯೊಂದರ ಕೆಳಗೂ ಆಮ್ಲೋಡಿಪಿನ್ 5 ಮಿ.ಗ್ರಾಂ., ಸಿ.ಎಸ್.ಟಿ. ಅಕ್ಷರ ನನ್ನದು. ಆ ತಾಯಿ ಒಂದು ದಿನವೂ ಮಾತ್ರೆ ಬಿಟ್ಟವರಲ್ಲ. ತಪ್ಪಿದವನು ನಾನು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶೇ. 21, ಪುರುಷರಲ್ಲಿ ಶೇ. 24 ಮಂದಿಗೆ ರಕ್ತದೊತ್ತಡವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ, ಜಗತ್ತಿನಲ್ಲಿ ರಕ್ತದೊತ್ತಡವಿರುವ ವಯಸ್ಕರಲ್ಲಿ ಅದು ಹತೋಟಿಯಲ್ಲಿರುವುದು ಐವರಲ್ಲಿ ಒಬ್ಬರಿಗೆ. ಎಷ್ಟೋ ಮಂದಿಗೆ ಕಾಯಿಲೆ ಇರುವುದೇ ಗೊತ್ತಿಲ್ಲ, ನಿಜ. ಆದರೆ ನಮ್ಮೆದುರು ಬಂದು ಕುಳಿತವರ ಹೊಣೆ ಯಾರದು?

ನಾವು ಬರೆಯುವ ರೀತಿಯನ್ನೇ ನೋಡಿ. ಒಂದೇ ಔಷಧ, ಚಿಕ್ಕ ಪ್ರಮಾಣ, ವರ್ಷಗಟ್ಟಲೆ. ಹೃದ್ರೋಗವಿಲ್ಲದ ವೃದ್ಧರಿಗೂ ರೂಢಿಯ ಬಲದಿಂದ ಅಟೆನೊಲಾಲ್. 2002ರ ಆಲ್‌ಹ್ಯಾಟ್ ಅಧ್ಯಯನದಲ್ಲಿ ತನ್ನ ಬೆಲೆ ತೋರಿದ ಅಗ್ಗದ ಕ್ಲೋರ್ಥಾಲಿಡೋನ್ ಮೂಲೆಗೆ. 2009ರಲ್ಲಿ 42 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದದ್ದೇನು? ಒಂದೇ ಔಷಧವನ್ನು ದುಪ್ಪಟ್ಟು ಮಾಡುವುದಕ್ಕಿಂತ ಬೇರೆ ಗುಂಪಿನದನ್ನು ಸೇರಿಸಿದರೆ ಒತ್ತಡ ಸುಮಾರು ಐದು ಪಟ್ಟು ಹೆಚ್ಚು ಇಳಿಯುತ್ತದೆ. 2024ರಲ್ಲಿ ಪ್ರಕಟವಾದ, ನಮ್ಮ ದೇಶದ ರೋಗಿಗಳ ಮೇಲೆಯೇ ನಡೆದ ಟಾಪ್‌ಸ್ಪಿನ್ ಪ್ರಯೋಗದಲ್ಲಿ ಎರಡು ಔಷಧ ಸೇರಿದ ಒಂದೇ ಮಾತ್ರೆಯಿಂದ ಆರು ತಿಂಗಳಲ್ಲಿ ಸುಮಾರು ಶೇ. 70 ಮಂದಿಗೆ ಒತ್ತಡ 140/90ರ ಕೆಳಗೆ ಬಂತು.

2017ರಲ್ಲಿ ಐದು ರಾಜ್ಯಗಳಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮದ ದಾರಿಯೂ ಸರಳ: ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ಥಾಲಿಡೋನ್, ಒತ್ತಡ ಇಳಿಯದಿದ್ದರೆ ತಿಂಗಳಿಗೊಂದು ಮೆಟ್ಟಿಲು ಏರಿಸುವುದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮಾತ್ರ ಟೆಲ್ಮಿಸಾರ್ಟನ್ ಬರೆಯುವಾಗ ಎಚ್ಚರ. ಗರ್ಭಿಣಿಯರಿಗೆ ಅದು ಸಲ್ಲದು.

ಗೊತ್ತಿದ್ದೂ ಕೈ ಯಾಕೆ ಏಳುವುದಿಲ್ಲ? ಹೊರಗೆ ಉದ್ದ ಸಾಲು. ‘ಬಸ್ಸಿಳಿದು ಓಡಿ ಬಂದೆ ಡಾಕ್ಟ್ರೇ, ಅದಕ್ಕೇ ಜಾಸ್ತಿ ತೋರಿಸ್ತಿದೆ’ ಎನ್ನುತ್ತಾರೆ. ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತೇವೆ. ಹಾಗೆ ಹನ್ನೊಂದು ಚೀಟಿಯಾಗುತ್ತದೆ. ಅವರನ್ನು ಐದು ನಿಮಿಷ ಕೂರಿಸಿ, ತೋಳಿಗೆ ಆಸರೆ ಕೊಟ್ಟು, ಮತ್ತೊಮ್ಮೆ ಅಳೆಯೋಣ. ಆಗಲೂ 140/90 ದಾಟಿದ್ದರೆ ಮಾತ್ರೆ ತಪ್ಪಿದೆಯೇ, ಮನೆಯಲ್ಲಿ ಉಪ್ಪಿನಕಾಯಿ ಹಪ್ಪಳ ಎಷ್ಟು ಎಂದು ಕೇಳೋಣ. ಕೇಳಿದ ಮೇಲೆ ಅಂದೇ ಚೀಟಿ ಬದಲಿಸೋಣ.

ನಿಮ್ಮಲ್ಲಿ ಒಂದೇ ಬೇಡಿಕೆ. ಊರಿಗೆ ಮರಳಿದ ಮೇಲೆ ನಿಮ್ಮ ನೂರು ಬಿ.ಪಿ. ರೋಗಿಗಳ ಕೊನೆಯ ಭೇಟಿಯ ದಾಖಲೆ ತೆಗೆಯಿರಿ. ಎಷ್ಟು ಮಂದಿ 140/90ರ ಕೆಳಗಿದ್ದಾರೆಂದು ಎಣಿಸಿ, ಮುಂದಿನ ಸಮ್ಮೇಳನಕ್ಕೆ ಆ ಸಂಖ್ಯೆ ತನ್ನಿ. ಮೊದಲು ನನ್ನದನ್ನು ನಾನು ಓದುತ್ತೇನೆ.