ಶ್ವಾಸರೋಗವೂ ನಿಯತಕಾಲದ ಪರೀಕ್ಷೆಯೂ

(ಮಹೋತ್ಸವದ ಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)



ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಸೀಮೆಗಳು ಸಹ್ಯಾದ್ರಿಯ ಸೆರಗಿನಲ್ಲಿರುವವು. ಹಳಿಯಾಳ, ಮುಂಡಗೋಡಗಳ ಕಡೆಗೆ ಭತ್ತ, ಗೋವಿನಜೋಳಗಳ ಹೊಲಗಳು. ಜೋಯಿಡೆಯಲ್ಲಿ ದಟ್ಟಡವಿ, ಕಾಳೀನದಿಯ ಕೊಳ್ಳ. ದಾಂಡೇಲಿಯಲ್ಲಿ ಕಾಗದದ ಕಾರಖಾನೆ. ಮೃಗಶಿರೆಯ ಮಳೆ ಕೂಡಿತೆಂದರೆ ತಿಂಗಳುಗಟ್ಟಲೆ ಗೋಡೆಗಳಿಗೆ ತೇವ, ಹಾಸಿಗೆಗೆ ಬೂಷ್ಟು. ಒಲೆಯ ಹೊಗೆಯು ಒಳಗೇ ಸುತ್ತುವದು. ಸುಗ್ಗಿಯಲ್ಲಿ ಕಣದ ಧೂಳು ಏಳುವದು. ಜನರು ದಮ್ಮು, ಉಬ್ಬಸ, ಗೂರಲು ಎಂದೂ ವೈದ್ಯರು ಅಸ್ತಮಾ ಎಂದೂ ಕರೆಯುವ ರೋಗವುಳ್ಳವರಿಗೆ ಇವೆಲ್ಲವೂ ವೈರಿಗಳೇ.

ಚರಕಸಂಹಿತೆಯಲ್ಲಿ ಶ್ವಾಸರೋಗವನ್ನು ಐದು ವಿಧವಾಗಿ ವಿಂಗಡಿಸಿರುವದು. ಅವುಗಳಲ್ಲಿ ತಮಕಶ್ವಾಸವೆಂಬುದರ ಲಕ್ಷಣವನ್ನು ಓದಿದವರಿಗೆ ಉಬ್ಬಸದ ರೋಗಿಯೇ ಕಣ್ಣೆದುರು ನಿಲ್ಲುವನು. ಮಲಗಿದರೆ ಬಾಧೆ ಹೆಚ್ಚುವದು, ಎದ್ದು ಕುಳಿತರೆ ಸಮಾಧಾನವಾಗುವದು. ಮೋಡ, ನೀರು, ಶೀತ, ಮೂಡಣ ಗಾಳಿಗಳಿಂದ ರೋಗವು ಬೆಳೆಯುವದು. ಈ ಸೀಮೆಯ ಮಳೆಗಾಳಿಯು ಪಡುವಣದ್ದು. ಆದಾಗ್ಯೂ ಮಾತು ಹೊಂದುವದು. ಈ ರೋಗವು ಹೊಸತಾಗಿದ್ದರೆ ಸಾಧ್ಯ, ಇಲ್ಲವಾದರೆ ಯಾಪ್ಯವೆಂದು ಅಲ್ಲಿ ನಿರ್ಣಯವಿದೆ. ಯಾಪ್ಯವೆಂದರೆ ಬೇರುಸಹಿತ ಹೋಗದಿದ್ದರೂ ಔಷಧ ಪಥ್ಯಗಳು ನಡೆದಿರುವವರೆಗೆ ಅಂಕೆಯಲ್ಲಿರುವಂಥದು. ಸುಶ್ರುತರು ಇದಕ್ಕೆ ಬೀಳುವ ಮನೆಗೆ ಕೊಟ್ಟ ಆಸರೆಗಂಬದ ದೃಷ್ಟಾಂತವನ್ನು ಹೇಳಿರುವರು. ಕಂಬವನ್ನು ನಿಲ್ಲಿಸಿದ ಮಾತ್ರಕ್ಕೆ ಕೆಲಸ ತೀರಲಿಲ್ಲ. ಗೆದ್ದಲು ಹತ್ತಿತೋ, ಬುಡ ಜರುಗಿತೋ ಎಂದು ಮೇಲಿಂದಮೇಲೆ ನೋಡಬೇಕು. ನಿಯತಕಾಲದ ವೈದ್ಯಪರೀಕ್ಷೆಯೆಂದರೆ ಇದೇ.

ಉಬ್ಬಸವಿಲ್ಲದ ದಿನಗಳಲ್ಲಿಯೂ ರೋಗಿಯ ಶ್ವಾಸನಾಳಗಳ ಒಳಪದರವು ಸಾಮಾನ್ಯವಾಗಿ ಬಾತುಕೊಂಡಿರುವದು. ಹೊಗೆ, ಧೂಳು, ಶೀತಗಳ ಸೋಂಕಾದೊಡನೆ ನಾಳಗಳ ಸ್ನಾಯುಗಳು ಬಿಗಿದು, ಕಫ ತುಂಬಿ, ಉಸಿರಿನ ದಾರಿಯು ಇಕ್ಕಟ್ಟಾಗುವದು. ಬಿಗಿಯನ್ನು ಸಡಿಲಿಸುವ ಔಷಧವೇ ಬೇರೆ, ಬಾವನ್ನು ಇಳಿಸುವ ಔಷಧವೇ ಬೇರೆ. ಮೊದಲನೆಯದು ಕೆಲವು ನಿಮಿಷಗಳಲ್ಲಿ ಸುಖ ಕೊಡುವದರಿಂದ ಜನರು ಅದನ್ನೇ ನಂಬುವರು. ಎರಡನೆಯದರ ಗುಣವು ಕೂಡಲೇ ಕಾಣದಾದದರಿಂದ ಅದನ್ನು ಬಿಡುವರು. ಅಸ್ತಮಾ ಚಿಕಿತ್ಸೆಗೆ ಮಾರ್ಗ ತೋರಿಸುವ ಜಿನಾ ಎಂಬ ಜಾಗತಿಕ ವೈದ್ಯಮಂಡಲವು, ತಾತ್ಕಾಲಿಕ ಸುಖದ ಔಷಧವೊಂದನ್ನೇ ಕೊಡುವ ಪದ್ಧತಿಯನ್ನು ಪ್ರೌಢರ ಹಾಗೂ ಹದಿಹರೆಯದವರ ವಿಷಯದಲ್ಲಿ 2019ರಲ್ಲಿ ಬಿಟ್ಟುಕೊಟ್ಟಿತು. ಅದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 4,55,000 ಜನರು ಈ ರೋಗದಿಂದ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಜೋಯಿಡೆಯ ಕಡೆಯ ಒಬ್ಬ ಒಕ್ಕಲಿಗನನ್ನು ಭಾವಿಸಿರಿ. ದೀಪಾವಳಿ ಕಳೆದ ಮೇಲೆ ಉಸಿರು ಹಗುರಾಯಿತೆಂದು ಆತನು ಸೇದುವ ಔಷಧವನ್ನು ಗೋಡೆಯ ಗೂಡಿನಲ್ಲಿಟ್ಟು ಮರೆಯುವನು. ಆರ್ದ್ರೆಯ ಒಂದು ನಡುರಾತ್ರಿ ದಮ್ಮು ಏರುವದು. ಹಳ್ಳ ತುಂಬಿದೆ, ದಾರಿಗೆ ಮರ ಬಿದ್ದಿದೆ, ಗೂಡಿನಲ್ಲಿದ್ದ ಔಷಧದ ಅವಧಿ ಮುಗಿದಿದೆ. ಹೆಂಡತಿಯು ಬೆನ್ನು ನೀವುತ್ತ ಬೆಳಗಾಗುವದನ್ನೇ ಕಾಯುವಳು. ಆತನು ವೈಶಾಖದಲ್ಲಿಯೇ ವೈದ್ಯರ ಮುಂದೆ ಕುಳಿತಿದ್ದರೆ ಅವರು ಏನು ಕೇಳುತ್ತಿದ್ದರು? ತಿಂಗಳಲ್ಲಿ ಎಷ್ಟು ರಾತ್ರಿ ಎಚ್ಚರವಾಯಿತು, ತಾತ್ಕಾಲಿಕ ಔಷಧವು ವಾರಕ್ಕೆ ಎಷ್ಟು ಸಲ ಬೇಕಾಯಿತು, ಗುಡ್ಡ ಏರುವಾಗ ನಿಲ್ಲಬೇಕಾಗುವದೋ? ಅನಂತರ ಸಣ್ಣ ನಳಿಗೆಯೊಂದರಲ್ಲಿ ಬಲವಾಗಿ ಊದಿಸಿ, ಹೊರಡುವ ಉಸಿರಿನ ವೇಗವನ್ನು ಅಳೆಯುತ್ತಿದ್ದರು. ಈ ಮಾಪಕವು 1959ರಲ್ಲಿ ಬಳಕೆಗೆ ಬಂದಿತು. ನಾಳಗಳು ಇಕ್ಕಟ್ಟಾಗುತ್ತಿರುವದು ರೋಗಿಗೆ ತಿಳಿಯುವ ಮುನ್ನವೇ ಎಷ್ಟೋ ಸಲ ಈ ಅಳತೆಗೆ ತಿಳಿಯುವದು. ಔಷಧವನ್ನು ತಮ್ಮೆದುರಿಗೇ ಸೇದಿಸಿ ನೋಡುತ್ತಿದ್ದರು. ಬಹುಜನರು ಇಲ್ಲಿಯೇ ತಪ್ಪುವರು. ಒತ್ತುವದು ಒಂದು ಕ್ಷಣ, ಎಳೆಯುವದು ಇನ್ನೊಂದು ಕ್ಷಣವಾಗಿ ಔಷಧವು ಎದೆಗಿಳಿಯದೆ ನಾಲಗೆಯ ಮೇಲೆ ಉಳಿಯುವದು. ಬಾವಿಳಿಸುವ ಔಷಧ ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕೆಂಬುದೂ ಹಲವರಿಗೆ ತಿಳಿಯದು.

ಔಷಧ ಆರಂಭಿಸಿದ ಮೇಲೆ 1ರಿಂದ 3 ತಿಂಗಳೊಳಗೆ ಒಮ್ಮೆ, ತರುವಾಯ ರೋಗದ ಸ್ಥಿತಿಯ ಮೇರೆಗೆ 3ರಿಂದ 12 ತಿಂಗಳಿಗೊಮ್ಮೆ ಪರೀಕ್ಷೆಯಾಗಬೇಕು. ಗರ್ಭಿಣಿಯರು 4ರಿಂದ 6 ವಾರಕ್ಕೊಮ್ಮೆ ಹೋಗಬೇಕು. ರೋಗ ಉಲ್ಬಣಿಸಿ ಆಸ್ಪತ್ರೆ ಕಂಡು ಬಂದವರು ಗುಣವಾಯಿತೆಂದು ಸುಮ್ಮನಿರದೆ ಒಂದು ವಾರದೊಳಗೆ ಪುನಃ ತೋರಿಸಿಕೊಳ್ಳಬೇಕು. ರೋಗವು ಅಂಕೆಯಲ್ಲಿದ್ದರೆ ವೈದ್ಯರೇ ಔಷಧದ ಪ್ರಮಾಣವನ್ನು ಇಳಿಸುವರು. ಅದನ್ನು ತಾನೇ ಇಳಿಸುವದು ರೋಗಿಯ ಕೆಲಸವಲ್ಲ.

ಮೃಗಶಿರೆ ಕೂಡುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಕ್ಕೆ ದೂರದೂರದಿಂದ ಜನರು ಹೋಗುವರು. ಶಾಕಾಹಾರಿಗಳಿಗೆ ಬೆಲ್ಲದಲ್ಲಿ ಕೊಡುವದುಂಟು. ಅದರ ಗುಣವು ಶಾಸ್ತ್ರೀಯ ಪರೀಕ್ಷೆಯಿಂದ ಸಿದ್ಧವಾಗಿಲ್ಲ. ಹೋಗುವವರು ಹೋಗಲಿ, ಆದರೆ ಅದನ್ನು ನೆಚ್ಚಿ ನಿತ್ಯದ ಔಷಧವನ್ನು ಬಿಡುವದು ಪ್ರಾಣಕ್ಕೆ ಎರವಾಗುವ ಕೆಲಸ. ಪಂಪು ಹಿಡಿದರೆ ಚಟವಾಗುವದೆಂಬ ಮಾತೂ ನಿರಾಧಾರವಾದುದು. ವರನ ಕಡೆಯವರು ಕಂಡಾರೆಂದು ಕನ್ಯೆಯ ಔಷಧವನ್ನು ಪೆಟ್ಟಿಗೆಯ ತಳದಲ್ಲಿ ಮುಚ್ಚಿಡುವ ತಾಯಂದಿರು, ಗಂಡನ ಮನೆಯ ಮೊದಲ ಮಳೆಗಾಲವನ್ನು ಆ ಮಗಳು ಹೇಗೆ ಕಳೆದಾಳೆಂದು ಯೋಚಿಸಲಿ.

ಮಠಮಾನ್ಯಗಳವರೂ ಗಮನಿಸತಕ್ಕ ಸಂಗತಿಯೊಂದುಂಟು. ಗರ್ಭಗುಡಿಯ ಧೂಪದ ಹೊಗೆಯೂ ದಾಸೋಹದ ಕಟ್ಟಿಗೆಯ ಒಲೆಯ ಹೊಗೆಯೂ ಉಬ್ಬಸದವರಿಗೆ ಹೊಗೆಯೇ ಸರಿ. ಅಡುಗೆಮನೆಗೆ ದೊಡ್ಡ ಗವಾಕ್ಷಿಯಿರಲಿ, ಧೂಪವು ಮಿತವಾಗಿರಲಿ, ದಮ್ಮಿನ ಸೇವಕನಿಗೆ ಒಲೆಯ ಮುಂದಿನ ಕಾಯಕ ತಪ್ಪಲಿ.

ಯಾವ ಲಕ್ಷಣ ಕಂಡರೆ ಯಾವ ಔಷಧವನ್ನು ಎಷ್ಟು ಸೇದಬೇಕೆಂಬುದನ್ನು ಪರೀಕ್ಷೆಯ ದಿನವೇ ವೈದ್ಯರಿಂದ ಕನ್ನಡದಲ್ಲಿ ಬರೆಯಿಸಿಕೊಂಡು, ಮನೆಯವರೆಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಬೇಕು. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಆಡಲಾರದಂತಾದರೆ, ತುಟಿ ಉಗುರುಗಳು ನೀಲಿಗಟ್ಟಿದರೆ, ಸೇದಿದ ಔಷಧವು ಹಿಡಿಯದಿದ್ದರೆ, ಬೆಳಗಾಗುವದನ್ನು ಕಾಯದೆ 108ಕ್ಕೆ ಕರೆ ಮಾಡಬೇಕು. ಗಾಡಿ ಬರುವವರೆಗೆ ರೋಗಿಯನ್ನು ಮಲಗಿಸದೆ ಕೂಡ್ರಿಸಿರಬೇಕು.