ನಮ್ಮ ಮನೆಯಂಗಳದ ಕಾಡು ಭೀಮಗಡ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ವನ್ಯಜೀವಿಗಳ ಕಾಡು ಯಾವುದೆಂದು ಕೇಳಿದರೆ ನಮ್ಮ ಮಕ್ಕಳು ಬಂಡೀಪುರ, ನಾಗರಹೊಳೆ ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ, ಖಾನಾಪುರ ತಾಲ್ಲೂಕಿನ ಸಹ್ಯಾದ್ರಿ ಬೆಟ್ಟಗಳಲ್ಲಿ ಭೀಮಗಡವಿದೆ. ಹಳೆಯ ಕೋಟೆಯಿಂದ ಹೆಸರು ಪಡೆದ ಈ ಕಾಡನ್ನು 2011ರಲ್ಲಿ ಸರ್ಕಾರ ವನ್ಯಜೀವಿ ಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಒಂದು ಕಡೆ ದಾಂಡೇಲಿಯ ಕಾಡು, ಇನ್ನೊಂದು ಕಡೆ ಗೋವಾದ ಮಹದಾಯಿ ಅಭಯಾರಣ್ಯ. ಹುಲಿ, ಕರಡಿ, ಕಾಡುಕೋಣಗಳಿಗೆ ಭೀಮಗಡವೇ ನಡುವಿನ ಹಾದಿ.

ಈ ಬೆಟ್ಟಸಾಲು ನೀರಿನ ತವರು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರವನ್ನು ಹಾದು ಪೂರ್ವಕ್ಕೆ ಹರಿದು, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯವನ್ನು ತುಂಬಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಬ್ಬಳ್ಳಿ-ಧಾರವಾಡದ ಜನರು ಕುಡಿಯುವುದು ಇದೇ ನೀರನ್ನು. ಇದೇ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಹರಿದು ಗೋವಾದಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ಮಹದಾಯಿ ನೀರಿನ ಹಂಚಿಕೆಯ ವಿವಾದವನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತೇವೆ. ಆ ನೀರನ್ನು ಹಿಡಿದಿಡುವ ಕಾಡಿನ ಬಗ್ಗೆ ಮಾತನಾಡುವವರು ಕಡಿಮೆ. ಕಾಡಿನ ಮಣ್ಣು ಮಳೆಯನ್ನು ಹೀರಿಕೊಂಡು ನಿಧಾನವಾಗಿ ಬಿಡುವುದರಿಂದಲೇ ಹಳ್ಳಗಳು ಮಳೆಗಾಲ ಮುಗಿದ ಮೇಲೂ ಹರಿಯುತ್ತವೆ.

ಇಲ್ಲಿಯ ಬಾರಾಪೇಡೆ ಗುಹೆಗಳಲ್ಲಿ ಒಂದು ಅಪರೂಪದ ಬಾವಲಿ ಇದೆ. ಉರ್ದುವಿನಲ್ಲಿ ನಾವು ಚಮಗಾದಡ್ ಎನ್ನುತ್ತೇವಲ್ಲ, ಅದೇ. ದೊಡ್ಡ ಕಿವಿಯ ಈ ಜಾತಿಗೆ ರಾಟನ್ ಬಾವಲಿ ಎಂದು ಹೆಸರು. 1913ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಜಾತಿಯೆಂದು ದಾಖಲಿಸಿದರು. ಬಹುಕಾಲ ಜಗತ್ತಿನಲ್ಲಿ ಬೇರೆಲ್ಲೂ ಇದು ಸಿಕ್ಕಿರಲಿಲ್ಲ. ಅನಂತರ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡುಬಂದಿತು. ದೂರದ ದೇಶಗಳ ತಜ್ಞರಿಗೆ ಗೊತ್ತಿರುವ ಈ ಜೀವಿಯ ಹೆಸರು ಪಕ್ಕದ ಊರಿನ ನಮಗೆ ಗೊತ್ತಿಲ್ಲದಿದ್ದರೆ ಹೇಗೆ?

ಪವಿತ್ರ ಕುರ್‌ಆನಿನಲ್ಲಿ ಇರುವೆ, ಜೇನುನೊಣ, ಜೇಡಗಳ ಹೆಸರಿನ ಅಧ್ಯಾಯಗಳಿವೆ. ಪ್ರವಾದಿ ಮುಹಮ್ಮದರು (ಸ) ಮದೀನಾದ ಸುತ್ತಲಿನ ಪ್ರದೇಶವನ್ನು ಹರಮ್ ಎಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ಕಾಡನ್ನು ಕಾಯುವ ಕೆಲಸ ನಮಗೆ ಹೊರಗಿನಿಂದ ಬಂದದ್ದಲ್ಲ.

ಆದರೆ ಒಂದು ಮಾತು ಮರೆಯಬಾರದು. ಈ ಕಾಡಿನೊಳಗೆ ಊರುಗಳಿವೆ, ನಿಮ್ಮ ವಯಸ್ಸಿನ ಮಕ್ಕಳಿದ್ದಾರೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅವರಿಗೆ ಶಾಲೆಯೂ ದೂರ, ಆಸ್ಪತ್ರೆಯೂ ದೂರ. ತಳೇವಾಡಿಯ ಕುಟುಂಬಗಳಿಗೆ 2025ರಲ್ಲಿ ಸರ್ಕಾರ ಪರಿಹಾರ ನೀಡಿ ಕಾಡಿನಿಂದ ಹೊರಗೆ ನೆಲೆಸಲು ಹಾದಿ ಮಾಡಿತು. ಹುಟ್ಟಿದ ನೆಲ ಬಿಡುವುದು ಸುಲಭವಲ್ಲ. ಕಾಡು ಉಳಿಯಬೇಕು, ಅದರ ಭಾರವೆಲ್ಲ ಬಡವರ ಹೆಗಲ ಮೇಲೆ ಮಾತ್ರ ಬೀಳಬಾರದು. ಹೊರಗೆ ಬಂದವರಿಗೆ ಜಮೀನು, ಶಾಲೆ, ದುಡಿಮೆ ಸಿಕ್ಕಾಗಲೇ ಅದು ನ್ಯಾಯ. ಅಲ್ಲೇ ಉಳಿಯುತ್ತೇವೆ ಎನ್ನುವವರ ಮಾತನ್ನೂ ಕೇಳಬೇಕು.

ವಿದ್ಯಾರ್ಥಿಗಳೇ, ಈ ವರ್ಷ ಒಂದು ಕೆಲಸ ಮಾಡಿ. ಖಾನಾಪುರದ ಕಡೆಯಿಂದ ಬರುವ ನಿಮ್ಮ ಸಹಪಾಠಿಗಳನ್ನೂ ಅವರ ಮನೆಯ ಹಿರಿಯರನ್ನೂ ಕೇಳಿ, ಅಲ್ಲಿಯ ಹತ್ತು ಮರ, ಹತ್ತು ಹಕ್ಕಿಗಳ ಹೆಸರನ್ನು ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಬರೆದಿಡಿ. ಹೆಸರು ಗೊತ್ತಿರುವುದನ್ನು ಮನುಷ್ಯ ಸುಲಭವಾಗಿ ಕಳೆದುಕೊಳ್ಳಲು ಒಪ್ಪುವುದಿಲ್ಲ. ಜಲಪಾತ ನೋಡಲು ಹೋದಾಗ ಪ್ಲಾಸ್ಟಿಕ್ ಬಿಟ್ಟು ಬರಬೇಡಿ.

ಅಲ್ಲಾಹನು ನಮಗೆಲ್ಲ ಈ ಅಮಾನತ್ತನ್ನು ಕಾಯುವ ಶಕ್ತಿ ಕೊಡಲಿ ಎಂದು ದುಆ ಮಾಡುತ್ತಾ ನನ್ನ ಮಾತು ಮುಗಿಸುತ್ತೇನೆ. ವಸ್ಸಲಾಮ್.