ಹುತ್ತದ ಉಡ, ದ್ವೀಪದ ಉಡ

ಕನಕಪುರ ಸೀಮೆಯ ಉಯ್ಯಂಬಳ್ಳಿಯ ಕಡೆಯಿಂದ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದತ್ತ ಹೋದರೆ, ಕುರುಚಲು ಕಾಡಿನಲ್ಲಿ ಹುತ್ತಗಳಿಗೆ ಬರವಿಲ್ಲ. ಹುತ್ತದಲ್ಲಿ ನಾಗಪ್ಪನಿದ್ದಾನೆಂದು ಕೈಮುಗಿಯುವ ನಾವು, ಅದರಿಂದಲೇ ಉಡವೊಂದು ತಲೆ ಹಾಕಿದರೆ ದೊಣ್ಣೆ ಹುಡುಕುತ್ತೇವೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ.

ಸಂಸ್ಕೃತದಲ್ಲಿ ಇದು ಗೋಧಾ. ತಮಿಳರಿಗೆ ಉಡುಂಬು, ತೆಲುಗರಿಗೆ ಉಡುಮು. ರಾಮಾಯಣದ ವಾಲಿಯು ತಿನ್ನಲು ಯೋಗ್ಯವಾದ ಐದು ಪಂಚನಖ ಪ್ರಾಣಿಗಳನ್ನು ಎಣಿಸುವಾಗ ಗೋಧೆಯನ್ನೂ ಸೇರಿಸುತ್ತಾನೆ. ನಮ್ಮ ಉಡಬೇಟೆಯವರು ಆ ಶ್ಲೋಕ ಓದಿದವರಲ್ಲ; ಆಚರಣೆಯನ್ನು ಮಾತ್ರ ಬಿಟ್ಟಿಲ್ಲ!

ನಮ್ಮ ಉಡ ಬಾಲ ಸೇರಿ 5 ಅಡಿ ದಾಟುವುದುಂಟು. ಇದರ ಕುಲದಲ್ಲೇ ಹಿರಿಯದು ಇಂಡೋನೇಷ್ಯದ ಕೊಮೊಡೊ, ರಿಂಚಾ, ಫ್ಲೋರೆಸ್ ಮೊದಲಾದ ದ್ವೀಪಗಳಲ್ಲಿದೆ. ಸುಮಾರು 10 ಅಡಿ ಬೆಳೆದು, ಜಿಂಕೆ, ಹಂದಿ, ಎಮ್ಮೆಗಳನ್ನೂ ಕೆಡಹುವ ಇದು ವಿಜ್ಞಾನಿಗಳ ಬರಹಕ್ಕೆ ಬಂದದ್ದು 1912ರಲ್ಲಿ. ಹಿರಿಯವು ತಮ್ಮ ಜಾತಿಯ ಮರಿಗಳನ್ನೇ ನುಂಗುವುದರಿಂದ ಮರಿಗಳು ಮರದ ಮೇಲೆಯೇ ಬಾಲ್ಯ ಕಳೆಯುತ್ತವೆ. ದ್ವೀಪದಲ್ಲಿ ಎದುರಾಳಿಯಿಲ್ಲದೆ ಈ ಗಾತ್ರ ಬಂದಿತೆಂದು ಹಿಂದೆ ಎಣಿಸಿದ್ದರು. ಆಸ್ಟ್ರೇಲಿಯದಲ್ಲಿ ದೊರೆತ ಹಳೆಯ ಮೂಳೆಗಳು ಬೇರೆ ಕಥೆ ಹೇಳುತ್ತವೆ: ಅಲ್ಲಿಯೇ ದೈತ್ಯನಾಗಿದ್ದ ಪ್ರಾಣಿಗೆ ದ್ವೀಪವು ಕೊನೆಯ ಆಸರೆಯಾಯಿತು. ಈಗ ಕಡಲು ಏರಿದರೆ ಓಡಲು ನೆಲವಿಲ್ಲ. ಅದಕ್ಕಾಗಿಯೇ 2021ರಲ್ಲಿ ಇದನ್ನು ಅಳಿವಿನ ಭಯವಿರುವ ಜೀವಿಗಳ ಪಟ್ಟಿಯಲ್ಲಿ ಮೇಲಕ್ಕೇರಿಸಿದರು.

ನಮ್ಮ ಉಡದ ಜೀವನ ಇಷ್ಟು ಭೀಕರವಲ್ಲ. ಸೀಳುನಾಲಗೆಯನ್ನು ಚಾಚಿ ಚಾಚಿ ಗಾಳಿಯ ವಾಸನೆ ಹಿಡಿಯುತ್ತದೆ. ದುಂಬಿ, ಏಡಿ, ಕಪ್ಪೆ, ಮೊಟ್ಟೆ, ಸತ್ತ ಪ್ರಾಣಿ, ಯಾವುದನ್ನೂ ಬಿಡದು. ತಾಯಿಯು ಹುತ್ತವನ್ನು ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಒಳಗಿನ ಬಿಸುಪು, ತೇವಗಳೇ ತಿಂಗಳುಗಟ್ಟಲೆ ಕಾವು ಕೊಡುತ್ತವೆ. ಗೆದ್ದಲಿನ ಮನೆ ಉಡಕ್ಕೆ ತೊಟ್ಟಿಲು! ಮನುಷ್ಯನನ್ನು ಕಂಡರೆ ಓಡುವುದೇ ಇದರ ಸ್ವಭಾವ. ಮೂಲೆಗೊತ್ತಿದರೆ ಬಾಲ ಬೀಸೀತು, ಕಚ್ಚೀತು.

ಸಂಗಮದ ಸುತ್ತಿನ ಕಾಡು 1987ರಿಂದ ಕಾವೇರಿ ವನ್ಯಧಾಮ. ಉಡವನ್ನು ಕೊಲ್ಲುವುದಿರಲಿ, ಹಿಡಿಯುವುದೂ 1972ರ ಕಾಯಿದೆಯಂತೆ ದೊಡ್ಡ ಅಪರಾಧ. ಆದರೂ ಮಾಂಸಕ್ಕೆಂದು, ಖಂಜಿರದ ಚರ್ಮಕ್ಕೆಂದು ಇದನ್ನು ಕೊಂದದ್ದುಂಟು. ಇನ್ನೊಂದು ವ್ಯಾಪಾರವನ್ನು ಪೇಟೆಯ ಗೃಹಸ್ಥರು ಅವಶ್ಯ ತಿಳಿದಿರಬೇಕು. ಹಣ ತರುತ್ತದೆಂದು ಕುಂಕುಮದ ಭರಣಿಯಲ್ಲಿಟ್ಟು ಪೂಜಿಸಲು ‘ಹತ್ತಾ ಜೋಡಿ’ ಎಂಬ, ಮುಗಿದ ಕೈಗಳಂತಿರುವ ಬೇರನ್ನು ಮಾರುತ್ತಾರೆ. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಅಂಥ ‘ಬೇರು’ಗಳು ಬೇರಲ್ಲವೆಂದು ತಿಳಿಯಿತು. ಅವು ಗಂಡು ಉಡದಿಂದ ಕೊಯ್ದು ಒಣಗಿಸಿದ ಗುಹ್ಯಾಂಗಗಳು.